ಮುಕ್ತ ತಂತ್ರಾಂಶದ ಗಣಕ ಪರದೆ: ನಕಲೋ, ಹೊಸತೋ?

ಗಣಕವನ್ನು ಚಾಲೂ ಮಾಡಿದೊಡನೆ ಪರದೆಯ ಮೇಲೆ ಚಿತ್ರಿಕೆಗಳು, ಕಿಟಕಿಗಳು, ಆಯ್ಕೆಯ ಪಟ್ಟಿಗಳು ಕಾಣಿಸಿಕೊಳ್ಳುತ್ತವೆ. ಇವನ್ನೆಲ್ಲ ನಿರ್ವಹಿಸುವ ತಂತ್ರಾಂಶಗಳ ಸಮೂಹವೇ ಡೆಸ್ಕ್‌ಟಾಪ್ ಪರಿಸರ. ವಿಂಡೋಸ್ ಮತ್ತು ಮ್ಯಾಕ್‌ಗಳ ಪರಿಸರಗಳು ವಾಣಿಜ್ಯ ಕಂಪನಿಗಳ ಸ್ವತ್ತು. ಲಿನಕ್ಸ್ ಜೊತೆಗೆ ಬರುವ ಕೆಡಿಇ, ಗ್ನೋಮ್ ಮುಂತಾದವು ಮುಕ್ತ ತಂತ್ರಾಂಶಗಳು. ಇವುಗಳ ಆಕರ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಇವುಗಳ ಮೇಲೊಂದು ಹಳೆಯ ಆರೋಪವಿದೆ: ಮುಕ್ತ ಪರಿಸರಗಳು ವಾಣಿಜ್ಯ ತಂತ್ರಾಂಶಗಳನ್ನು ನಕಲು ಮಾಡುತ್ತವೆಯೇ ಹೊರತು ಹೊಸದೇನನ್ನೂ ಕೊಡುವುದಿಲ್ಲ. ಇದು ಎಷ್ಟರ ಮಟ್ಟಿಗೆ ನಿಜ?

ಎಲ್ಲರೂ ಸಾಲಗಾರರೇ

ಕಿಟಕಿ, ಚಿತ್ರಿಕೆ, ಮೌಸ್ ಇವು ಒಟ್ಟಾಗಿ ರೂಪುಗೊಂಡದ್ದು ಅಮೆರಿಕದ ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ. ಅಲ್ಲಿನ ಆಲ್ಟೋ ಗಣಕ 1973ರದು. ಅದರ ಅನುಭವದ ಮೇಲೆ ಕಟ್ಟಿದ ಸ್ಟಾರ್ 1981ರಲ್ಲಿ ಮಾರುಕಟ್ಟೆಗೆ ಬಂತು. ಆಪಲ್‌ನ ಮ್ಯಾಕಿಂಟಾಷ್ (1984) ಮತ್ತು ಮೈಕ್ರೋಸಾಫ್ಟ್‌ನ ವಿಂಡೋಸ್ (1985) ಈ ಕಲ್ಪನೆಗಳನ್ನು ಬೆಳೆಸಿದವು. ತನ್ನ ಪರದೆಯ ನೋಟವನ್ನು ಮೈಕ್ರೋಸಾಫ್ಟ್ ಕದ್ದಿದೆ ಎಂದು ಆಪಲ್ 1988ರಲ್ಲಿ ದಾವೆ ಹೂಡಿತು. ಮೇಲ್ಮನವಿಯಲ್ಲೂ 1994ರಲ್ಲಿ ಸೋತಿತು. ಹಾಗಾಗಿ ನಕಲಿನ ಮಾತು ಮುಕ್ತ ತಂತ್ರಾಂಶಕ್ಕೆ ಮಾತ್ರ ಅಂಟಿದ್ದಲ್ಲ.

ಕೆಡಿಇ ಯೋಜನೆಯನ್ನು 1996ರ ಅಕ್ಟೋಬರ್‌ನಲ್ಲಿ ಆರಂಭಿಸಿದವರು ಜರ್ಮನಿಯ ವಿದ್ಯಾರ್ಥಿ ಮಥಿಯಾಸ್ ಎಟ್ರಿಚ್. ಅದು ಆಧರಿಸಿದ್ದ ಕ್ಯೂಟಿ ಎಂಬ ತಂತ್ರಾಂಶ ಆಗ ಪೂರ್ಣ ಮುಕ್ತವಾಗಿರಲಿಲ್ಲ. ಈ ಕಾರಣಕ್ಕಾಗಿಯೇ ಮೆಕ್ಸಿಕೊದ ಮಿಗೆಲ್ ಡಿ ಇಕಾಜಾ ಮತ್ತು ಫೆಡೆರಿಕೊ ಮೆನಾ 1997ರಲ್ಲಿ ಗ್ನೋಮ್ ಆರಂಭಿಸಿದರು. ಇವುಗಳ ಮೊದಲ ಆವೃತ್ತಿಗಳ ಪಟ್ಟಿಯಲ್ಲಿ, ಗುಂಡಿಯಲ್ಲಿ ವಿಂಡೋಸ್ 95ರ ನೆರಳು ಸ್ಪಷ್ಟವಾಗಿತ್ತು. ಆರೋಪದ ಈ ಭಾಗವನ್ನು ಒಪ್ಪಲೇಬೇಕು. ತೆರೆದ ಕಿಟಕಿಗಳನ್ನೆಲ್ಲ ಒಮ್ಮೆಗೇ ಹರಡಿ ತೋರಿಸುವ ಎಕ್ಸ್‌ಪೋಸೆ ಸೌಲಭ್ಯವನ್ನು 2003ರಲ್ಲಿ ಜನಪ್ರಿಯಗೊಳಿಸಿದ್ದೂ ಆಪಲ್ಲೇ.

ಸಾಲ ಹಿಮ್ಮುಖವಾಗಿಯೂ ಹರಿದಿದೆ. ಒಂದೇ ಪರದೆಯಲ್ಲಿ ಹಲವು ಕಾರ್ಯಕ್ಷೇತ್ರಗಳನ್ನು ಇಟ್ಟುಕೊಳ್ಳುವ ಸೌಲಭ್ಯ 1998ರ ಕೆಡಿಇ ಮೊದಲ ಆವೃತ್ತಿಯಲ್ಲೇ ಇತ್ತು. ಅದು ಮ್ಯಾಕ್‌ನ ಅಂಗವಾದದ್ದು 2007ರಲ್ಲಿ, ವಿಂಡೋಸ್‌ನ ಅಂಗವಾದದ್ದು 2015ರಲ್ಲಿ. ಇದರ ಮೂಲ ಕಲ್ಪನೆಯೂ ಜೆರಾಕ್ಸ್ ಸಂಶೋಧಕರದೇ ಎಂಬುದು ಬೇರೆ ಮಾತು. ಕೆಡಿಇ ತಂಡ ಜಾಲಪುಟಗಳನ್ನು ತೋರಿಸಲೆಂದು ಬರೆದ ಕೆಎಚ್‌ಟಿಎಮ್‌ಎಲ್ ಇನ್ನೂ ಒಳ್ಳೆಯ ಉದಾಹರಣೆ. ಆಪಲ್ ಅದನ್ನು ಆಧರಿಸಿ 2003ರಲ್ಲಿ ಸಫಾರಿಯನ್ನು ಪ್ರಕಟಿಸಿತು. ಅದೇ ವಂಶದಿಂದ 2008ರಲ್ಲಿ ಗೂಗಲ್ ಕ್ರೋಮ್ ಬಂತು.

ಕನ್ನಡದ ಕಥೆ

ಈಗ ನಮ್ಮ ಮನೆಯಂಗಳಕ್ಕೆ ಬರೋಣ. ಹೊಸದುರ್ಗ ತಾಲ್ಲೂಕಿನ ಬಾಗೂರಿನಂತಹ ಊರಿನ ಶಾಲೆಯಲ್ಲಿ ಶಿಕ್ಷಕರು ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಸಿದ್ಧಪಡಿಸಬೇಕಾದರೆ ಗಣಕಕ್ಕೆ ನಮ್ಮ ಒತ್ತಕ್ಷರಗಳ ನಿಯಮ ತಿಳಿದಿರಬೇಕು. ‘ಸೂರ್ಯ’ ಪದವನ್ನು ಗಮನಿಸಿ. ಉಚ್ಚಾರಣೆಯಲ್ಲಿ ‘ರ್’ ಮೊದಲು, ‘ಯ’ ಆಮೇಲೆ. ಯೂನಿಕೋಡ್ ಸಂಕೇತದಲ್ಲಿ ಶೇಖರವಾಗುವುದೂ ಇದೇ ಕ್ರಮದಲ್ಲಿ. ಬರವಣಿಗೆಯಲ್ಲಾದರೋ ‘ಯ’ ಮುಂದೆ ಬಂದು ಅರ್ಕಾವತ್ತು ಹಿಂದೆ ಸರಿಯುತ್ತದೆ. ಈ ಮರುಜೋಡಣೆಯನ್ನು ಮಾಡುವ ತಂತ್ರಾಂಶವನ್ನು ಅಕ್ಷರ ಸಂಯೋಜಕ ಎನ್ನಬಹುದು.

ಇಲ್ಲಿ ಮೊದಲ ಹೆಜ್ಜೆ ವಾಣಿಜ್ಯ ಕಂಪನಿಗಳದು. ಇಂತಹ ಲಿಪಿಗಳಿಗೆ ಆಧಾರವಾದ ಓಪನ್‌ಟೈಪ್ ಅಕ್ಷರ ವಿನ್ಯಾಸವನ್ನು ಮೈಕ್ರೋಸಾಫ್ಟ್ ಮತ್ತು ಅಡೋಬಿ 1996ರಲ್ಲಿ ಪ್ರಕಟಿಸಿದವು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಅಕ್ಷರಶೈಲಿಯೊಂದಿಗೆ ಯೂನಿಕೋಡ್ ಕನ್ನಡವನ್ನು ತಂದಿತು. ಗ್ನೋಮ್ ಬಳಗ ‘ಪ್ಯಾಂಗೊ’ ಎಂಬ ಸಂಯೋಜಕವನ್ನು ರೂಪಿಸಿ 2002ರಲ್ಲಿ ತನ್ನ ಎರಡನೆಯ ಆವೃತ್ತಿಗೆ ಅಳವಡಿಸಿಕೊಂಡಿತು. ರೆಡ್‌ಹ್ಯಾಟ್ 2004ರಲ್ಲಿ ‘ಲೋಹಿತ್’ ಅಕ್ಷರಶೈಲಿಗಳನ್ನು ಮುಕ್ತವಾಗಿ ನೀಡಿತು. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕ.ಗ.ಪ. ಕೀಲಿಮಣೆಯೂ ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲಿ ಸೇರಿತು.

ಇದೇ ಬಳಗದ ಮುಂದಿನ ಕೃತಿ ‘ಹಾರ್ಫ್‌ಬಜ್’. ಓಪನ್‌ಟೈಪ್ ಎಂಬುದರ ಪಾರಸಿ ಅನುವಾದವೇ ಈ ಹೆಸರು. ಇಂದು ಆಂಡ್ರಾಯ್ಡ್ ಫೋನು, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆ ಆಫೀಸ್‌ಗಳಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂರುವುದು ಇದರಿಂದಲೇ. ‘ರ‍್ಯಾಂಕ್’ ಪದದಲ್ಲಿ ಅರ್ಕಾವತ್ತು ಬರಬಾರದು. ‘ರ’ ಪೂರ್ಣವಾಗಿ ಉಳಿದು ‘ಯ’ ಒತ್ತಾಗಬೇಕು. ಇದಕ್ಕೆ ಕಣ್ಣಿಗೆ ಕಾಣದ ಜೋಡಣಾ ಚಿಹ್ನೆಯೊಂದನ್ನು ಸೇರಿಸುತ್ತಾರೆ. ಆ ಚಿಹ್ನೆಯನ್ನು ಹಿಂದೆ ಕೆಲವರು ಹಲಂತದ ನಂತರ ಬರೆಯುತ್ತಿದ್ದರು. ಯೂನಿಕೋಡ್ ನಿಯಮದಂತೆ ಅದು ಹಲಂತದ ಮೊದಲು ಬರಬೇಕು. ಎರಡನ್ನೂ ಒಂದೇ ಎಂದು ಪರಿಗಣಿಸುವ ಸಾಲುಗಳು, ಕನ್ನಡದ ಹೆಸರನ್ನೇ ಹೇಳುವ ಟಿಪ್ಪಣಿಯೊಂದಿಗೆ, ಹಾರ್ಫ್‌ಬಜ್‌ನ ಆಕರ ಸಂಕೇತದಲ್ಲಿವೆ. ಯಾವ ವಿದ್ಯಾರ್ಥಿಯೂ ಅದನ್ನು ತೆರೆದು ಓದಬಹುದು. ತಪ್ಪು ಕಂಡರೆ ತಿದ್ದುಪಡಿ ಕಳುಹಿಸಬಹುದು.

ತೀರ್ಮಾನವೇನು?

ಮುಕ್ತ ಪರಿಸರಗಳು ದಿಟ್ಟತನ ತೋರಿದಾಗಲೆಲ್ಲ ಗೆದ್ದಿಲ್ಲ. 2011ರಲ್ಲಿ ಗ್ನೋಮ್ 3 ತನ್ನ ರೂಪವನ್ನೇ ಬದಲಿಸಿದಾಗ ಹಲವರಿಗೆ ಅದು ಹಿಡಿಸಲಿಲ್ಲ. ಅವರು ಹಳೆಯ ಆಕರ ಸಂಕೇತವನ್ನೇ ‘ಮಾಟೆ’ ಎಂಬ ಹೆಸರಿನಲ್ಲಿ ಮುಂದುವರಿಸಿದರು. ವಾಣಿಜ್ಯ ತಂತ್ರಾಂಶದ ಬಳಕೆದಾರರಿಗೆ ಇಂತಹ ಅವಕಾಶವಿಲ್ಲ. ಹಾಗೆಂದು ಎರಡು ಪಾಳೆಯಗಳ ನಡುವೆ ಗೋಡೆಯೂ ಇಲ್ಲ. 2001ರಲ್ಲಿ ಗ್ನೋಮ್‌ನ ಬಳಕೆ ಎಷ್ಟು ಸುಲಭ ಎಂಬ ಅಧ್ಯಯನ ನಡೆಸಿದ್ದು ಸನ್ ಕಂಪನಿ. ಹಾರ್ಫ್‌ಬಜ್‌ಗೆ ದುಡಿದವರಲ್ಲಿ ರೆಡ್‌ಹ್ಯಾಟ್ ಮತ್ತು ಗೂಗಲ್ ಉದ್ಯೋಗಿಗಳೂ ಇದ್ದಾರೆ.

ಪರದೆಯ ಮೇಲ್ನೋಟವನ್ನಷ್ಟೇ ಅಳತೆಗೋಲಾಗಿಸಿದರೆ ವಾಣಿಜ್ಯ ತಂತ್ರಾಂಶಗಳೇ ಹೆಚ್ಚಾಗಿ ಮುಂದಿವೆ. ಪರದೆಯ ಹಿಂದೆ ನಡೆಯುವ ಕೆಲಸವನ್ನು ಅಳೆದರೆ ಉತ್ತರ ಬದಲಾಗುತ್ತದೆ. ಕನ್ನಡದಂತಹ ಭಾಷೆಗೆ ಹೆಚ್ಚು ಮುಖ್ಯವಾದದ್ದು ಎರಡನೆಯದೇ. ಯಾರು ಮೊದಲು ಮಾಡಿದರು ಎಂಬುದರ ಜೊತೆಗೆ, ಮಾಡಿದ್ದನ್ನು ನಾವು ತಿದ್ದಬಹುದೇ ಎಂದೂ ಕೇಳಬೇಕು. ಆ ಪ್ರಶ್ನೆಗೆ ‘ಹೌದು’ ಎಂದು ಉತ್ತರಿಸಲು ಸಾಧ್ಯವಾಗಿಸಿದ್ದೇ ಮುಕ್ತ ತಂತ್ರಾಂಶದ ದೊಡ್ಡ ಹೊಸತನ.