ತಂತಿ ಇತ್ತು, ಕೆಲಸ ಇರಲಿಲ್ಲ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಂಥ ಊರಿನಲ್ಲಿ ಮನೆಯಲ್ಲೇ ಕೂತು ಕಂಠದಾನ ಮಾಡುವುದು ಅಂತರ್ಜಾಲ ಬರುವ ತನಕ ಆಗದ ಮಾತಾಗಿತ್ತು ಎನ್ನುವುದು ಅರ್ಧಸತ್ಯ. ದೂರವಾಣಿ ತಂತಿ ಸಾಗಿಸುವುದು ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ದನಿಯನ್ನಷ್ಟೇ. ಪ್ರಸಾರಕ್ಕೆ ಅದು ಸಾಲದು, ನಿಜ. ನಿರ್ದೇಶಕರನ್ನು ದೂರವಾಣಿಯಲ್ಲಿ ಜೋಡಿಸಿಕೊಂಡು ಮನೆಯಲ್ಲೇ ಮುದ್ರಿಸುವ ‘ಫೋನ್ ಪ್ಯಾಚ್’ ಪದ್ಧತಿಯ ಜಾಣತನ ಇರುವುದೇ ಅಲ್ಲಿ: ಅಸಲು ದನಿ ಮನೆಯ ಯಂತ್ರದಲ್ಲೇ ಮುದ್ರಣವಾಗುತ್ತದೆ, ತಂತಿಯಲ್ಲಿ ಓಡಾಡುವುದು ನಿರ್ದೇಶಕರ ಸೂಚನೆ ಮತ್ತು ಓದಿನ ನೆರಳು. ಅಷ್ಟಕ್ಕೆ ತಾಲ್ಲೂಕಿನ ತಂತಿಯೂ ಸಾಕು. ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ, ಧೂಳು, ಸೆಕೆ ತಾಳುವ ಮೊದಲ ಗ್ರಾಮೀಣ ದೂರವಾಣಿ ಎಕ್ಸ್‌ಚೇಂಜ್ 1986ರಲ್ಲೇ ನಮ್ಮ ಕಿತ್ತೂರಿನಲ್ಲಿ ಕೆಲಸಕ್ಕೆ ನಿಂತಿತ್ತು.

ಕೊರತೆ ಇದ್ದದ್ದು ಕೆಲಸಕ್ಕೆ. 1960ರ ದಶಕದ ಡಬ್ಬಿಂಗ್ ವಿರೋಧಿ ಚಳವಳಿಯ ನಂತರ ಕನ್ನಡಕ್ಕೆ ಡಬ್ಬಿಂಗ್ ಬಹುತೇಕ ನಿಂತೇಹೋಯಿತು. ಅದರಿಂದ ನಮ್ಮ ಚಿತ್ರೋದ್ಯಮ ಬೆಳೆಯಿತೆಂಬ ವಾದಕ್ಕೆ ಬಲವಿದೆ. ಕಂಠವನ್ನೇ ಕಸುಬಾಗಿಸಿಕೊಳ್ಳಬಹುದಾಗಿದ್ದವರು ತೆತ್ತ ಬೆಲೆಯನ್ನು ಮಾತ್ರ ಯಾರೂ ಲೆಕ್ಕ ಹಾಕಲಿಲ್ಲ. ಜಾಹೀರಾತಿಗೆ ಕನ್ನಡ ದನಿ ಬೇಕಿತ್ತಲ್ಲ ಎನ್ನಬಹುದು. ಬೇಕಿತ್ತು, ಆದರೆ ಅರ್ಧ ನಿಮಿಷದ ಜಾಹೀರಾತಿಗೆ ಬೆಂಗಳೂರಿನ ಕೆಲವೇ ಕಂಠಗಳು ಸಾಕು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ಮೇಲಿನ ಈ ನಿರ್ಬಂಧದ ವಿರುದ್ಧ ಆದೇಶ ನೀಡಿತು. 2017ರಲ್ಲಿ ತಮಿಳಿನಿಂದ ಡಬ್ ಆದ ‘ಸತ್ಯದೇವ್ ಐಪಿಎಸ್’ ತೆರೆಗೆ ಬಂತು. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಸುಮಾರು 60 ಕಿಲೋಮೀಟರ್. ತಡೆಗೋಡೆ ಆ ದಾರಿಯಲ್ಲಿರಲಿಲ್ಲ, ಮಾರುಕಟ್ಟೆಯಲ್ಲಿತ್ತು.