ಹಿಮದ ನಾಡಿನ ಕೋಳಿಗೂಡು

1849ರ ನವೆಂಬರಿನಲ್ಲಿ ಬಾಸ್ಟನ್ ನಗರದ ಉದ್ಯಾನದಲ್ಲಿ ನಡೆದ ಕೋಳಿಗಳ ಪ್ರದರ್ಶನವು ನ್ಯೂ ಇಂಗ್ಲೆಂಡಿನ ಗೃಹಸ್ಥರಲ್ಲಿ ಎಂತಹ ವ್ಯಾಮೋಹವನ್ನು ಹುಟ್ಟಿಸಿತೆಂದರೆ, ಅದುವರೆಗೆ ಕೊಟ್ಟಿಗೆಯ ತೊಲೆಯ ಮೇಲೆ ಕುಳಿತು ತಮ್ಮ ಪಾಡಿಗೆ ತಾವು ಚಳಿಗಾಲವನ್ನು ಕಳೆಯುತ್ತಿದ್ದ ಹಕ್ಕಿಗಳಿಗೆ ಪ್ರತ್ಯೇಕ ಮನೆಯನ್ನು ಕಟ್ಟಿಸುವುದು ಪ್ರತಿಷ್ಠೆಯ ಕಾರ್ಯವೆನಿಸಿತು. ಜಾರ್ಜ್ ಬರ್ನ್‌ಹ್ಯಾಮ್ ಎಂಬ ಚತುರನು 1852ರಲ್ಲಿ ವಿಕ್ಟೋರಿಯಾ ರಾಣಿಗೆ ಭಾರಿ ಗಾತ್ರದ ಒಂಬತ್ತು ಕೋಳಿಗಳನ್ನು ಕಾಣಿಕೆಯಾಗಿ ಕಳುಹಿಸಿ ತನ್ನ ಸರಕಿನ ಕೀರ್ತಿಯನ್ನು ಹೆಚ್ಚಿಸಿಕೊಂಡುದಲ್ಲದೆ, ಮೂರು ವರ್ಷಗಳ ತರುವಾಯ ಆ ಹುಚ್ಚಿನ ಚರಿತ್ರೆಯನ್ನೇ ಬರೆದು ಕೊಂಡವರನ್ನು ನಗೆಗೀಡುಮಾಡಿದನು. ನಮ್ಮ ಬ್ರಹ್ಮಪುತ್ರೆಯ ಹೆಸರನ್ನು ಹೊತ್ತು ಮೆರೆದ ಬ್ರಹ್ಮ ತಳಿಯು ಅದೇ ಸಂಭ್ರಮದ ಫಲ.

ಬೆಲೆಯುಳ್ಳ ಪಕ್ಷಿಯನ್ನು ಬೆಚ್ಚಗಿಡಬೇಕೆಂಬುದು ಸಹಜವಾದ ಆಶಯವೇ. ಆದರೆ ಅದರಿಂದ ಅನರ್ಥವಾಯಿತು. ಗೂಡಿನ ಬಿರುಕುಗಳನ್ನೆಲ್ಲ ಮುಚ್ಚಿ, ಗಾಜಿನ ಕಿಟಕಿಗಳನ್ನಿಟ್ಟು, ಕೆಲವರು ಒಲೆಯನ್ನೂ ಹೊತ್ತಿಸಿ, ತಮ್ಮ ಮೈಗೆ ಹಿತವಾದುದನ್ನು ಕೋಳಿಯ ಮೈಗೂ ವಿಧಿಸಿದರು. ಸುಮಾರು 41 ಡಿಗ್ರಿ ಸೆಲ್ಸಿಯಸ್ ದೇಹತಾಪವುಳ್ಳ, ಗರಿಗಳನ್ನು ಉಬ್ಬಿಸಿ ಗಾಳಿಯನ್ನೇ ಕಂಬಳಿಯಾಗಿಸಿಕೊಳ್ಳಬಲ್ಲ ಈ ಜೀವಿಗೆ ಒಣಚಳಿಯು ಅಷ್ಟೇನೂ ಶತ್ರುವಲ್ಲ. ಅದರ ಉಸಿರಿನಿಂದಲೂ ಹಿಕ್ಕೆಯಿಂದಲೂ ಎದ್ದ ತೇವವು ಹೊರಬೀಳಲು ದಾರಿಯಿಲ್ಲದೆ ಗೋಡೆಗಳ ಮೇಲೆ ಹನಿಗಟ್ಟಿ, ಇರುಳಿನಲ್ಲಿ ಹೆಪ್ಪುಗಟ್ಟಿ, ಒದ್ದೆಯಾದ ಜುಟ್ಟನ್ನು ಹಿಮದ ಕಡಿತಕ್ಕೆ ಒಪ್ಪಿಸುವುದೇ ನಿಜವಾದ ವಿಪತ್ತು. ಕಾಲ್ಬೆರಳುಗಳನ್ನು ಕಳೆದುಕೊಂಡ ಹುಂಜಗಳನ್ನೂ ಕೆಮ್ಮುವ ಹೇಂಟೆಗಳನ್ನೂ ಕಂಡು ಒಡೆಯರು ಮತ್ತಷ್ಟು ಬಿಗಿಯಾಗಿ ಬಾಗಿಲು ಹಾಕಿದರೆಂಬುದು ಮನುಷ್ಯಸ್ವಭಾವಕ್ಕೆ ತಕ್ಕುದೇ ಆಗಿದೆ.

20ನೆಯ ಶತಮಾನದ ಆರಂಭದಲ್ಲಿ ಕೆಲವರು ಧೈರ್ಯಮಾಡಿ ಗೂಡಿನ ಮುಂಭಾಗವನ್ನು ತೆರೆದರು. ದಕ್ಷಿಣಾಭಿಮುಖವಾದ ಆಳದ ಕೋಣೆ. ಮೂರು ಕಡೆ ಗಾಳಿ ನುಸುಳದ ಗೋಡೆ. ಮುಂಗಡೆ ಬರಿಯ ತಂತಿಬಲೆ, ಅಥವಾ ಕಡುಚಳಿಯ ರಾತ್ರಿಗಳಿಗೆಂದು ತೆಳುಬಟ್ಟೆಯ ತೆರೆ. ಹಿಂಭಾಗದ ನಿಶ್ಚಲವಾದ ಗಾಳಿಯಲ್ಲಿ ಕೋಳಿಗಳು ಕೂರುವ ಅಡ್ಡಗಳುಗಳು. ಇದರ ಪಕ್ಷವಾಗಿ ವಾದಿಸಿದ ಪ್ರಿನ್ಸ್ ವುಡ್ಸ್ ಎಂಬ ವೈದ್ಯನು 1924ರಲ್ಲಿ ಆ ಬಗೆಯ ಗೂಡುಗಳನ್ನು ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿದನು.

ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ, ಓಕಾ ಎಂಬಲ್ಲಿನ ಟ್ರಾಪಿಸ್ಟ್ ಮಠದ ಸಂನ್ಯಾಸಿ ಬ್ರದರ್ ವಿಲ್ಫ್ರಿಡ್ ಹಿಡಿದ ದಾರಿಯೇ ಬೇರೆ: ಆತನು ಮನೆಯನ್ನು ಬಿಟ್ಟು ಕೋಳಿಯನ್ನೇ ತಿದ್ದಹೊರಟನು. ಲೆಗಾರ್ನ್ ತಳಿಗಿರುವಂತಹ ಎತ್ತರದ ಜುಟ್ಟು ಆ ಚಳಿಯಲ್ಲಿ ಉಳಿಯದೆಂದು ಐದು ತಳಿಗಳನ್ನು ವರ್ಷಾನುಗಟ್ಟಲೆ ಬೆರೆಸಿ, ಜುಟ್ಟೂ ಗಂಟಲ ಜೋಲೂ ನಾಮಮಾತ್ರಕ್ಕಿರುವ, ಚಳಿಗಾಲದಲ್ಲಿಯೂ ಮೊಟ್ಟೆಯಿಡುವ ಬಿಳಿಯ ಶಾಂತೆಕ್ಲೇರ್ ತಳಿಯನ್ನು 1918ರಲ್ಲಿ ಲೋಕದ ಮುಂದಿರಿಸಿದನು. 1921ರಲ್ಲಿ ಅದಕ್ಕೆ ಅಮೆರಿಕದ ಕೋಳಿತಳಿಗಳ ಅಧಿಕೃತ ಪಟ್ಟಿಯಲ್ಲಿ ಸ್ಥಾನ ದೊರೆಯಿತು. ಸಾಧನೆ ದೊಡ್ಡದು, ನಿಜ. ಆದರೂ ಯಾವ ಬಡವನ ಯಾವ ಕೋಳಿಗಾದರೂ ಒದಗಿದುದು ತೆರೆದ ಗೂಡೇ ಹೊರತು ಮಠದ ತಳಿಯಲ್ಲ. ಆ ತಳಿಯು 1970ರ ದಶಕದ ಕೊನೆಗೆ ಅಳಿದೇಹೋಯಿತೆಂದು ತಿಳಿಯಲಾಗಿತ್ತು. ಆಮೇಲೆ ಸಣ್ಣ ರೈತರ ಹಿತ್ತಿಲುಗಳಲ್ಲಿ ಉಳಿದಿದ್ದುದು ಕಂಡುಬಂದಿತು.