ಅಟ್ಟದ ಮೇಲಿನ ತಗಡಿನ ಪೆಟ್ಟಿಗೆ



ಹನುಮಂತನಪಟ್ಟಿಯ ನಮ್ಮ ಹಳೇ ಮನೆಯ ಜಗಲಿ ಸೊಂಟದೆತ್ತರ ಇತ್ತು. ಬಿತ್ತನೆ ಭತ್ತ, ಜಮೀನಿನ ಪತ್ರಗಳಿದ್ದ ತಗಡಿನ ಪೆಟ್ಟಿಗೆ, ಎರಡೂ ಅಟ್ಟದ ಮೇಲೆ. ಐಪ್ಪಸಿ ತಿಂಗಳು ಹುಟ್ಟಿತೆಂದರೆ ಅಜ್ಜಿ ದನಗಳಿಗೆ ಎಳೆದರೆ ಬಿಚ್ಚಿಕೊಳ್ಳುವ ಗಂಟು ಹಾಕಿಸುತ್ತಿದ್ದರು. ಹುಡುಗರಾದ ನಾವು ನಗುತ್ತಿದ್ದೆವು. 1924ರಲ್ಲಿ ಬೆಟ್ಟದಾಚೆ ಮೂನ್ನಾರನ್ನು ಹಾಳು ಮಾಡಿದ ಮಹಾಪ್ರವಾಹದ ಸುದ್ದಿ ಕೇಳಿ ಬೆಳೆದವರು ಅವರು.

ನಮ್ಮ ನಗುವಿಗೆ ಕಾರಣವಿತ್ತು. ಪೆನ್ನಿಕ್ವಿಕ್ ದೊರೆ 1887ರಿಂದ 1895ರವರೆಗೆ ಕಟ್ಟಿಸಿದ ಪೆರಿಯಾರ್ ಅಣೆ ನಮಗೆ ಅನ್ನ ಕೊಟ್ಟಿತು. ಕಟ್ಟುವಾಗಲೇ ನೆರೆ ಬಂದು ಕೆಲಸವನ್ನು ಕೊಚ್ಚಿಕೊಂಡು ಹೋಗಿತ್ತು. ಅದನ್ನು ನೆನೆಯುವವರು ಕಡಿಮೆ. ಕಂಬಂ ಕಣಿವೆಯ 14,707 ಎಕರೆಗೆ ಎರಡು ಬೆಳೆ. ನೀರೆಂದರೆ ನಮಗೆ ಬರಬೇಕಾದದ್ದು, ಬಾರದಿದ್ದರೆ ಭಯ. ಬೆಟ್ಟದಾಚೆ ಇಡುಕ್ಕಿಯವರಿಗೆ ಅದೇ ಅಣೆ ನಿದ್ದೆಗೆಡಿಸುವ ವಸ್ತು. 1979ರಲ್ಲಿ ನೀರಿನ ಮಟ್ಟವನ್ನು 136 ಅಡಿಗೆ ಇಳಿಸಿದರು. 2014ರಲ್ಲಿ ಸುಪ್ರೀಂ ಕೋರ್ಟು 142 ಅಡಿಗೆ ಒಪ್ಪಿತು. ಒಂದೇ ಗೋಡೆ, ಎರಡು ಮನಸ್ಸು.

ಇಲ್ಲೊಂದು ಮಾತು ಹೇಳಬೇಕು. ಅಣೆಯ ಬಾಗಿಲು ತೆಗೆದರೆ ಹೆಚ್ಚಿನ ನೀರು ಹೋಗುವುದು ಇಡುಕ್ಕಿ ಕಡೆಗೆ. ನಮ್ಮ ಕಡೆಗೆ ಸುರಂಗದಲ್ಲಿ ಬರುವುದು ಅಳೆದು ಬಿಟ್ಟ ನೀರು. ನಮ್ಮ ನೆರೆ ಹುಟ್ಟುವುದು ನಮ್ಮದೇ ಬೆಟ್ಟದ ಹಳ್ಳಗಳಲ್ಲಿ, ಸುರುಳಿಯಾರಿನಲ್ಲಿ. ಅಣೆ ಅದನ್ನು ತಡೆಯುವುದಿಲ್ಲ. ಆದರೂ ಹೊಳೆಗೆ ಲಗಾಮು ಬಿದ್ದಿದೆ ಎಂದುಕೊಂಡು ನಾವು ಕಾಲುವೆಯ ಅಂಚಿಗೇ ಮನೆ ಕಟ್ಟಿದೆವು. ಅಮೆರಿಕದ ಗಿಲ್ಬರ್ಟ್ ವೈಟ್ ಎಂಬ ಭೂಗೋಳ ವಿದ್ವಾಂಸರು 1945ರಲ್ಲೇ ಇದನ್ನು ಬರೆದಿದ್ದಾರೆ: ಕಟ್ಟೆ ಎದ್ದರೆ ಜನ ನದಿಯ ಬಯಲಿಗೆ ಇನ್ನಷ್ಟು ಇಳಿಯುತ್ತಾರೆ.

1992ರ ನವೆಂಬರ್‌ನಲ್ಲಿ ತೂತುಕುಡಿಯ ಬಳಿ ದಡ ಸೇರಿದ ಚಂಡಮಾರುತ ತಾಮ್ರಪರ್ಣಿಯನ್ನು ಉಕ್ಕಿಸಿತು. ಆಗ ನಮ್ಮದು ಮದುರೆ ಜಿಲ್ಲೆ. ನಾನು ಬ್ಯಾಂಕಿನ ಕೌಂಟರಿನಲ್ಲಿದ್ದೆ. ಆ ತಿಂಗಳು ಮನೆಗೆ, ಮೋಟಾರಿಗೆ ವಿಮೆ ಮಾಡಿಸುವುದು ಹೇಗೆಂದು ಕೇಳಿಕೊಂಡು ಜನ ಬಂದರು. ಮರುವರ್ಷ ಕಂತು ಕಟ್ಟಲು ಬಂದವರು ಕಡಿಮೆ. ಮೂರನೇ ವರ್ಷ ಒಬ್ಬ ರೈತರು, “ಮಳೆಯೇ ಇಲ್ಲ, ನೆರೆಗೆ ದುಡ್ಡು ಯಾಕೆ ಸಾಮಿ?” ಎಂದರು. ನನ್ನ ಬಳಿ ಉತ್ತರವಿರಲಿಲ್ಲ, ಏಕೆಂದರೆ ನಾನೂ ಕಟ್ಟಿರಲಿಲ್ಲ.

1998ರಲ್ಲಿ ಹಳೇ ಮನೆ ಕೆಡವಿ ಕಾಂಕ್ರೀಟು ಮನೆ ಕಟ್ಟಿಸಿದೆ. ಮುದುಕರಿಗೆ ಹತ್ತಲು ಕಷ್ಟವೆಂದು ಜಗಲಿಯನ್ನು ಒಂದು ಮೆಟ್ಟಿಲಿಗೆ ಇಳಿಸಿದೆ. ಅಟ್ಟ ಇಲ್ಲ. ಪತ್ರಗಳು ಬೀರುವಿನ ಕೆಳಗಿನ ಖಾನೆಗೆ ಬಂದವು.

2025ರ ಅಕ್ಟೋಬರ್ ಮಧ್ಯದಲ್ಲಿ ರಾತ್ರಿಯಿಡೀ ಸುರಿದ ಮಳೆಗೆ ಕಣಿವೆಯ ಹೊಳೆ ದಡ ಮೀರಿತು. ನಮ್ಮ ಬೀದಿಯ ಚರಂಡಿ ನೀರು ಆ ಒಂದು ಮೆಟ್ಟಿಲಿನವರೆಗೆ ಬಂದು ನಿಂತಿತು. ಟಾರ್ಚು ಹಿಡಿದು ನಾನೂ ಸೊಸೆಯೂ ಪತ್ರಗಳನ್ನು ಬೀರುವಿನ ತಲೆಗೆ ಏರಿಸಿದೆವು. ವಾರ ಕಳೆದ ಮೇಲೆ ಅವಳು, “ಮಾವ, ಇನ್ನು ಕೆಳಗಿಡಲೇ?” ಎಂದು ಕೇಳಿದಳು.

ಐಪ್ಪಸಿ ಕಳೆಯಲಿ ಎಂದೆ. ಐಪ್ಪಸಿ ಕಳೆಯಿತು, ಪತ್ರಗಳು ಇನ್ನೂ ಅಲ್ಲೇ ಇವೆ.